ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ, ಗಾಳಿ ಮತ್ತು ಹೊಗೆ ಹಾಯುವ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವುಗಳು ಅದರ ದಾರಿಯಿಂದ ಸರಿದಿರಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿಹಾಕಿರುವುದೇ ಹಲ್ಲುಗಳಿರುವ ಟೈಮಿಂಗ್ ಬೆಲ್ಟ್. ಹಾಳಾಗುವ ಮುನ್ನ ಅದು ಸುಳಿವು ಕೊಡುವುದು ಅಪರೂಪ. ಆದ್ದರಿಂದ ಬದಲಿಸುವ ತೀರ್ಮಾನವನ್ನು ಕಣ್ಣು ಕಿವಿಗಳಿಗೆ ಬಿಡದೆ, ಓಡಿದ ದೂರ, ಕಳೆದ ವರ್ಷ ಮತ್ತು ಸೋರಿಕೆ ಈ ಮೂರನ್ನು ನೋಡಿ ಮಾಡಬೇಕು.

ನನ್ನ ಗಾಡಿಯಲ್ಲಿರುವುದು ಬೆಲ್ಟೋ ಚೈನೋ ಹೇಗೆ ತಿಳಿಯಲಿ?

ಓನರ್ಸ್ ಮ್ಯಾನುಯಲ್‌ನ ಸರ್ವಿಸ್ ಪಟ್ಟಿಯಲ್ಲಿ ಟೈಮಿಂಗ್ ಬೆಲ್ಟ್ ಬದಲಿಸುವ ಸಾಲು ಇದ್ದರೆ ಬೆಲ್ಟ್. ಆ ಸಾಲೇ ಇಲ್ಲದಿದ್ದರೆ ಬಹುಮಟ್ಟಿಗೆ ಚೈನ್. ಎಂಜಿನ್ ಪಕ್ಕದಲ್ಲಿ ಕ್ಲಿಪ್ಪುಗಳಿಂದ ಕೂರಿಸಿದ ಪ್ಲಾಸ್ಟಿಕ್ ಕವರ್ ಇದ್ದರೆ ಒಳಗೆ ಒಣ ಬೆಲ್ಟ್ ಇರುವ ಸಾಧ್ಯತೆ ಹೆಚ್ಚು. ಗ್ಯಾಸ್ಕೆಟ್ ಅಥವಾ ಸೀಲೆಂಟ್ ಹಾಕಿ ಬಿಗಿದ ಲೋಹದ ಕವರ್ ಇದ್ದರೆ ಚೈನ್, ಇಲ್ಲವೇ ಎಣ್ಣೆಯಲ್ಲೇ ಓಡುವ ಬೆಲ್ಟ್. ಗಾಡಿಯ ಹೆಸರನ್ನಷ್ಟೇ ನಂಬಬೇಡಿ. ಒಂದೇ ಮಾಡೆಲ್‌ನ ಪೆಟ್ರೋಲ್ ಎಂಜಿನ್‌ನಲ್ಲಿ ಚೈನ್, ಡೀಸೆಲ್‌ನಲ್ಲಿ ಬೆಲ್ಟ್ ಇರಬಹುದು. ಎಂಜಿನ್ ಕೋಡ್ ಹಿಡಿದೇ ಹುಡುಕಬೇಕು.

ಹೊರಗಡೆ ಕಾಣುವ, ಆಲ್ಟರ್ನೇಟರ್ ಮತ್ತು ಏಸಿ ಕಂಪ್ರೆಸರ್ ತಿರುಗಿಸುವ ಬೆಲ್ಟ್ ಇದಲ್ಲ. ಅದು ಫ್ಯಾನ್ ಬೆಲ್ಟ್. "ಹೋದ ವರ್ಷ ಬೆಲ್ಟ್ ಹಾಕಿಸಿದ್ದೇನೆ" ಎನ್ನುವವರಲ್ಲಿ ಅನೇಕರು ಹಾಕಿಸಿರುವುದು ಅದನ್ನೇ.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು?

ಎಲ್ಲ ಎಂಜಿನ್‌ಗಳಿಗೂ ಸಲ್ಲುವ ಒಂದೇ ಸಂಖ್ಯೆ ಇಲ್ಲ. ಹಳೆಯ ವಿನ್ಯಾಸಗಳಿಗೆ 60,000 ಕಿ.ಮೀ. ಸುತ್ತಮುತ್ತ, ನಂತರದ ಬಹುತೇಕ ಎಂಜಿನ್‌ಗಳಿಗೆ 1 ಲಕ್ಷದಿಂದ 1.6 ಲಕ್ಷ ಕಿ.ಮೀ. ಎಂದು ಕಂಪನಿಗಳು ಹೇಳುತ್ತವೆ. ಜೊತೆಗೆ ವರ್ಷದ ಮಿತಿಯೂ ಇರುತ್ತದೆ: ಸಾಮಾನ್ಯವಾಗಿ 5ರಿಂದ 10 ವರ್ಷ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ನಿಮ್ಮ ಎಂಜಿನ್‌ಗೆ, ನಿಮ್ಮ ಮಾಡೆಲ್ ವರ್ಷಕ್ಕೆ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಇಂಟರ್ನೆಟ್‌ನಲ್ಲಿ ಹುಡುಕುವಾಗ 60,000 ಎಂದು ಕಂಡರೆ ಅದು ಮೈಲಿಯೋ ಕಿಲೋಮೀಟರೋ ನೋಡಿಕೊಳ್ಳಿ. 60,000 ಮೈಲಿ ಎಂದರೆ ಸುಮಾರು 96,000 ಕಿ.ಮೀ.; ಕಿಲೋಮೀಟರ್ ಮಿತಿಯನ್ನು ಮೈಲಿ ಎಂದು ಓದಿಕೊಂಡರೆ ಬೆಲ್ಟ್ ಗಡುವು ಮೀರಿ 36,000 ಕಿ.ಮೀ. ಓಡಿರುತ್ತದೆ.

ಗಾಡಿ ಹೆಚ್ಚು ಓಡಿಲ್ಲ, ನಿಂತೇ ಇರುತ್ತದೆ. ಆದರೂ ವರ್ಷದ ಲೆಕ್ಕ ಹಿಡಿಯಬೇಕೇ?

ಹಿಡಿಯಬೇಕು. ರಬ್ಬರ್ ನಿಂತಲ್ಲೇ ಮುಪ್ಪಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್ ಮತ್ತು ಎಂಜಿನ್ ಕೋಣೆಯ ಬಿಸಿಗೆ ಅದು ಗಟ್ಟಿಯಾಗುತ್ತ ಹೋಗುತ್ತದೆ. ತಿಂಗಳುಗಟ್ಟಲೆ ನಿಂತರೆ ಬೆಲ್ಟ್ ಚಿಕ್ಕ ಪುಲ್ಲಿಗಳ ಸುತ್ತ ಬಾಗಿದ ಭಂಗಿಯಲ್ಲೇ ಇರುತ್ತದೆ. ಬೇರಿಂಗ್‌ಗಳ ಗ್ರೀಸ್ ಕೂಡ ಒಣಗುತ್ತದೆ. ಹತ್ತು ವರ್ಷದಲ್ಲಿ 30,000 ಕಿ.ಮೀ. ಓಡಿದ ಗಾಡಿಯ ಮೀಟರ್ ಕೊಳ್ಳುವವರಿಗೆ ಆಸೆ ಹುಟ್ಟಿಸುತ್ತದೆ, ಅದರ ಬೆಲ್ಟ್ ಮಾತ್ರ ಹತ್ತು ವರ್ಷದ್ದೇ.

ಟ್ರಾಫಿಕ್‌ನಲ್ಲೇ ಓಡಾಟ. ಬೇಗ ಬದಲಿಸಬೇಕೇ?

ಬೆಲ್ಟ್ ಸವೆಯುವುದು ಚಕ್ರ ಉರುಳಿದ ದೂರಕ್ಕಲ್ಲ, ಎಂಜಿನ್ ತಿರುಗಿದ ಲೆಕ್ಕಕ್ಕೆ. ಸರಾಸರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೆದ್ದಾರಿ ಓಡುವ ಗಾಡಿ 60,000 ಕಿ.ಮೀ. ಮುಗಿಸಲು ಎಂಜಿನ್ 1,000 ಗಂಟೆ ತಿರುಗುತ್ತದೆ. ಸರಾಸರಿ 20 ಕಿ.ಮೀ.ಯಲ್ಲಿ ನಗರದೊಳಗೆ ತೆವಳುವ ಗಾಡಿಗೆ ಅದೇ ದೂರಕ್ಕೆ 3,000 ಗಂಟೆ ಬೇಕು. ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಕಡಿಮೆ ಎನ್ನುವುದು ನಿಜ, ಆದರೆ ಆಗ ಎದುರಿನ ಗಾಳಿ ಬಡಿಯದೆ ಕವರಿನೊಳಗೆ ಬಿಸಿ ಕೂಡಿಕೊಳ್ಳುತ್ತದೆ.

ಅದಕ್ಕೇ ಮ್ಯಾನುಯಲ್‌ಗಳಲ್ಲಿ ಕಠಿಣ ಬಳಕೆ ಎಂದು ಬೇರೆ ಪಟ್ಟಿ ಇರುತ್ತದೆ: ಧೂಳಿನ ರಸ್ತೆ, ಟ್ರೈಲರ್ ಎಳೆಯುವುದು, ಟ್ಯಾಕ್ಸಿ ಓಡಾಟ, ದೀರ್ಘ ಐಡ್ಲಿಂಗ್, ಅತಿ ಬಿಸಿ ಅಥವಾ ಅತಿ ಚಳಿ. ಹೋಂಡಾದ ವಿ6 ಎಂಜಿನ್‌ಗಳ ಮ್ಯಾನುಯಲ್ ಇದಕ್ಕೆ ಒಳ್ಳೆಯ ಉದಾಹರಣೆ. 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲೋ ಮೈನಸ್ 29 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೋ ನಿತ್ಯ ಓಡಿಸುವವರು 60,000 ಮೈಲಿಗೇ ಬದಲಿಸಬೇಕು ಎನ್ನುತ್ತದೆ ಅದು. ನಿಮ್ಮ ಮ್ಯಾನುಯಲ್‌ನಲ್ಲಿ ಎರಡು ಪಟ್ಟಿ ಇದ್ದರೆ ನಗರದಲ್ಲಿ ಓಡುವ ಗಾಡಿಗೆ ಕಠಿಣ ಬಳಕೆಯ ಪಟ್ಟಿಯೇ ಅನ್ವಯ ಎಂದುಕೊಳ್ಳಿ.

ಕವರ್ ಬಿಚ್ಚಿ ನೋಡಿಸಿದೆ, ಬೆಲ್ಟ್ ಹೊಸದರಂತಿದೆ. ಇನ್ನೂ ಸ್ವಲ್ಪ ಓಡಿಸಬಹುದೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ಎಂಜಿನ್‌ಗಳನ್ನು ಕೆಡಿಸಿದ ಪ್ರಶ್ನೆಯೂ ಇದೇ ಇರಬೇಕು. ಹಿಂದಿನ ಬೆಲ್ಟುಗಳು ನಿಯೋಪ್ರೀನ್ ರಬ್ಬರಿನವು. ಹಳತಾದಾಗ ಬೆನ್ನಿನ ಮೇಲೆ ಅಡ್ಡಡ್ಡ ಬಿರುಕು ಕಾಣುತ್ತಿತ್ತು, ಮೆಕ್ಯಾನಿಕ್ ನೋಡಿ ಹೇಳಬಹುದಿತ್ತು. ನಂತರ ಬಂದ ಎಚ್‌ಎನ್‌ಬಿಆರ್ ರಬ್ಬರ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಅಷ್ಟು ಬೇಗ ಬಿರಿಯುವುದಿಲ್ಲ. ಆದರೆ ಬೆಲ್ಟಿನ ಬಲ ಇರುವುದು ರಬ್ಬರಿನಲ್ಲಲ್ಲ, ಅದರೊಳಗೆ ಉದ್ದಕ್ಕೂ ಹೆಣೆದಿರುವ ಗಾಜಿನ ನಾರಿನ ಎಳೆಗಳಲ್ಲಿ. ಪುಲ್ಲಿ ಸುತ್ತ ಪ್ರತಿ ಸಲ ಬಾಗಿ ನೆಟ್ಟಗಾದಾಗಲೂ ಆ ಎಳೆಗಳು ದಣಿಯುತ್ತವೆ.

ಎಷ್ಟು ಸಲ ಎಂದು ಲೆಕ್ಕ ಹಾಕಿ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲು, ಬೆಲ್ಟಿಗೆ 120 ಹಲ್ಲು ಇದ್ದರೆ 3,000 ಆರ್‌ಪಿಎಂನಲ್ಲಿ ಬೆಲ್ಟ್ ನಿಮಿಷಕ್ಕೆ 500 ಸುತ್ತು, ಗಂಟೆಗೆ 30,000 ಸುತ್ತು ಹೊಡೆಯುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಎಳೆ ನಾಲ್ಕೈದು ಪುಲ್ಲಿಗಳ ಮೇಲೆ ಬಾಗುತ್ತದೆ. ಒಳಗೆ ಆದ ಈ ದಣಿವು ಹೊರಗಿನಿಂದ ಕಾಣುವುದಿಲ್ಲ. ಮೇಲಿನ ಕವರ್ ಬಿಚ್ಚಿದರೆ ಕಾಣುವುದು ಬೆಲ್ಟಿನ ಬೆನ್ನು, ಅದೂ ಒಂದು ತುಂಡು. ಹಲ್ಲಿನ ಬುಡದಲ್ಲಿ ಬಟ್ಟೆಯ ಪದರ ಸವೆದಿದೆಯೇ, ಕೆಳಗೆ ಕ್ರ್ಯಾಂಕ್ ಸೀಲಿನಿಂದ ಎಣ್ಣೆ ತಾಗಿದೆಯೇ ಎಂಬುದು ಅಲ್ಲಿಂದ ತಿಳಿಯದು.

ಹಾಗೆಂದು ನೋಡುವುದೇ ವ್ಯರ್ಥವಲ್ಲ. ನೋಡಿದರೆ "ಈಗಲೇ ಬದಲಿಸಬೇಕು" ಎಂದು ತಿಳಿಯಬಹುದು. "ಇನ್ನೂ ಬೇಡ" ಎಂದು ತಿಳಿಯಲಾಗದು. ಬಿರುಕು, ಅಂಚಿನಲ್ಲಿ ಎಳೆ ಬಿಟ್ಟಿರುವುದು, ಹಲ್ಲು ಕಿತ್ತಿರುವುದು, ಬೆನ್ನು ಗಾಜಿನಂತೆ ಹೊಳೆಯುವುದು, ಕವರಿನೊಳಗೆ ಕಪ್ಪು ಪುಡಿ, ಎಣ್ಣೆ ಅಥವಾ ಕೂಲೆಂಟ್ ಕಲೆ ಇವುಗಳಲ್ಲಿ ಒಂದು ಕಂಡರೂ ಕಿಲೋಮೀಟರ್ ಕೇಳದೆ ಬದಲಿಸಿ. ಅಂಚು ಒಂದೇ ಕಡೆ ಸವೆದಿದ್ದರೆ ಯಾವುದೋ ಪುಲ್ಲಿ ವಾರೆಯಾಗಿದೆ ಅಥವಾ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್‌ನ ಬೇರಿಂಗ್ ಸಡಿಲವಾಗಿದೆ. ಕಾರಣ ಹುಡುಕದೆ ಹೊಸ ಬೆಲ್ಟ್ ಹಾಕಿದರೆ ಅದಕ್ಕೂ ಅದೇ ಗತಿ.

ಹಾಳಾಗುವ ಮುಂಚೆ ಸದ್ದು ಬರುವುದಿಲ್ಲವೇ?

ಬೆಲ್ಟ್ ಸದ್ದು ಮಾಡುವುದಿಲ್ಲ. ಸದ್ದು ಬಂದರೆ ಅದು ಬೇರಿಂಗ್‌ನದು ಅಥವಾ ಬಿಗಿತದ್ದು. ಆರ್‌ಪಿಎಂ ಏರಿದಂತೆ ಏರುವ ಕೊರೆಯುವ ಸದ್ದು ಬೆಲ್ಟ್ ಅತಿ ಬಿಗಿಯಾಗಿರುವುದಕ್ಕೋ ಬೇರಿಂಗ್ ಒಣಗಿರುವುದಕ್ಕೋ ಗುರುತು. ಪ್ಲಾಸ್ಟಿಕ್ ಕವರಿಗೆ ಪಟಪಟ ಬಡಿದ ಸದ್ದು ಸಡಿಲವಾಗಿರುವುದಕ್ಕೆ. ಎರಡರಲ್ಲೂ ಗಾಡಿಯನ್ನು ಓಡಿಸುತ್ತ ಕಾಯುವುದು ಬೇಡ.

ಕಟ್ ಆದರೆ ನಿಜಕ್ಕೂ ಎಂಜಿನ್ ಹೋಗುತ್ತದೆಯೇ?

ಎಂಜಿನ್ ಯಾವ ಬಗೆಯದು ಎಂಬುದರ ಮೇಲಿದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಪೂರ್ತಿ ತೆರೆದಿದ್ದು ಪಿಸ್ಟನ್ ತುತ್ತತುದಿಗೆ ಬಂದರೂ ನಡುವೆ ಜಾಗ ಉಳಿಯುತ್ತದೆ. ಅವು ನಾನ್-ಇಂಟರ್‌ಫಿಯರೆನ್ಸ್ ಎಂಜಿನ್‌ಗಳು. ಬೆಲ್ಟ್ ಹೋದರೆ ಗಾಡಿ ನಿಲ್ಲುತ್ತದೆ, ಹೊಸದು ಹಾಕಿದರೆ ಹೊರಡುತ್ತದೆ. ಇಂಟರ್‌ಫಿಯರೆನ್ಸ್ ಎಂಜಿನ್‌ನಲ್ಲಿ ವಾಲ್ವ್, ಪಿಸ್ಟನ್ ಇಬ್ಬರೂ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತಾರೆ. ಬೆಲ್ಟ್ ಹೋದ ಕ್ಷಣ ಕ್ಯಾಮ್ ನಿಲ್ಲುತ್ತದೆ, ಕೆಲವು ವಾಲ್ವುಗಳು ತೆರೆದೇ ಉಳಿಯುತ್ತವೆ, ಕ್ರ್ಯಾಂಕ್ ಮಾತ್ರ ತಿರುಗುತ್ತಲೇ ಇದ್ದು ಪಿಸ್ಟನ್ ಮೇಲೆ ಬಂದು ಅವಕ್ಕೆ ಗುದ್ದುತ್ತದೆ. ವಾಲ್ವುಗಳು ಬೆಂಡ್ ಆಗುತ್ತವೆ. ವೇಗ ಹೆಚ್ಚಿದ್ದರೆ ವಾಲ್ವಿನ ತಲೆ ಮುರಿದು ಸಿಲಿಂಡರಿನೊಳಗೆ ಬಿದ್ದು ಪಿಸ್ಟನ್, ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ಎರಡನ್ನೂ ಹಾಳುಮಾಡಬಹುದು.

ಡೀಸೆಲ್ ಎಂಜಿನ್‌ಗಳು ಹೆಚ್ಚುಕಡಿಮೆ ಎಲ್ಲವೂ ಈ ಎರಡನೆಯ ಬಗೆಯವು. ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವುದು) ಹೆಚ್ಚು ಬೇಕಾದ್ದರಿಂದ ಅಲ್ಲಿ ಜಾಗ ಬಿಡಲು ಬರುವುದಿಲ್ಲ. ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲೂ ಬಹುಪಾಲು ಹೀಗೆಯೇ. ಬಗೆ ಯಾವುದೆಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಇಂಟರ್‌ಫಿಯರೆನ್ಸ್ ಎಂದೇ ಭಾವಿಸಿ ಗಡುವು ಪಾಲಿಸಿ.

ಕಟ್ ಆಗಿ ಗಾಡಿ ನಿಂತಿದೆ ಅನ್ನಿಸುತ್ತಿದೆ. ಈಗೇನು?

ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ತಳ್ಳಿಸಲೂ ಬೇಡಿ. ಓಡುತ್ತಿದ್ದ ಎಂಜಿನ್ ಒಮ್ಮೆಲೇ ನಿಂತು, ಕೀ ತಿರುಗಿಸಿದಾಗ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ಒಂದೇ ಸಮನೆ ಗರ್ರೆಂದು ತಿರುಗಿದರೆ ಕಂಪ್ರೆಷನ್ ಇಲ್ಲ ಎಂದರ್ಥ. ಒಮ್ಮೆ ಆ ಸದ್ದು ಕೇಳಿದರೆ ಸಾಕು. ಪ್ರತಿ ಸಲ ಕೀ ತಿರುಗಿಸಿದಾಗಲೂ ಉಳಿದ ವಾಲ್ವುಗಳಿಗೆ ಪೆಟ್ಟು ಬೀಳಬಹುದು.

ಗ್ಯಾರೇಜಿಗೆ ಎಳೆಸಿಕೊಂಡು ಹೋಗುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ. ಆಟೊಮ್ಯಾಟಿಕ್ ಆದರೆ ಫ್ಲಾಟ್‌ಬೆಡ್ ಮೇಲೇ ಒಯ್ಯಿಸಿ. ಹೆಡ್ ಬಿಚ್ಚುವ ಮುನ್ನ ಸ್ಪಾರ್ಕ್ ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ ಮೇಲೆ ಅರ್ಧಚಂದ್ರದ ಗುರುತು ಬಿದ್ದಿದೆಯೇ ನೋಡಬಹುದು. ಟೈಮಿಂಗ್ ಹೊಂದಿಸಿ ಬೆಲ್ಟ್ ಕೂರಿಸಿ, ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್-ಡೌನ್ ಪರೀಕ್ಷೆ ಮಾಡಿದರೆ ಯಾವ ಸಿಲಿಂಡರ್ ಗಾಳಿ ಹಿಡಿಯುತ್ತಿಲ್ಲ ಎಂಬುದು ಖಚಿತವಾಗುತ್ತದೆ. ಬೆಂಡ್ ಆದ ವಾಲ್ವನ್ನು ನೆಟ್ಟಗೆ ಮಾಡಿ ಹಾಕುವ ಮಾತು ಯಾರಾದರೂ ಆಡಿದರೆ ಒಪ್ಪಬೇಡಿ. ಅದರ ಜಾಗಕ್ಕೆ ಹೊಸದೇ ಬರಬೇಕು, ವಾಲ್ವ್ ಜಾರುವ ಗೈಡ್‌ಗಳನ್ನೂ ಅಳೆದು ನೋಡಬೇಕು.

ಕಟ್ ಆಗದೆ ಹಲ್ಲು ಜಿಗಿದರೆ?

ಕ್ಯಾಮ್ ಪುಲ್ಲಿಗೆ 40 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದಾಗ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ಆಚೀಚೆ ಆಗುತ್ತದೆ. ಎಂಜಿನ್ ಓಡಬಹುದು, ಆದರೆ ಐಡ್ಲಿಂಗ್ ನಡುಗುತ್ತದೆ, ಎಳೆತ ಇರುವುದಿಲ್ಲ, ಎಂಜಿನ್ ಲೈಟ್ ಹತ್ತುತ್ತದೆ. ಸ್ಕ್ಯಾನರ್‌ನಲ್ಲಿ ಪಿ0016 ಕೋಡ್ ಬಂದರೆ ಕ್ಯಾಮ್ ಮತ್ತು ಕ್ರ್ಯಾಂಕ್ ತಾಳೆಯಾಗುತ್ತಿಲ್ಲ ಎಂದರ್ಥ. ಸೆನ್ಸರ್ ಬದಲಿಸಿ ನೋಡೋಣ ಎನ್ನುವ ಮೊದಲು ಕವರ್ ಬಿಚ್ಚಿ ಟೈಮಿಂಗ್ ಗುರುತುಗಳನ್ನು ನೋಡಿಸಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡೆ, ದಾಖಲೆ ಇಲ್ಲ. ಏನು ಮಾಡಲಿ?

ಬದಲಿಸಿಬಿಡಿ. ಬೆಲ್ಟ್ ಹಾಕಿದ ದಿನ ಮತ್ತು ಮೀಟರ್ ಅಂಕಿ ಬರೆದ ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ಲೆಕ್ಕ. ಮಾರಿದವರು ಬಾಯಿಮಾತಿನಲ್ಲಿ ಹೇಳಿದ್ದು ದಾಖಲೆಯಲ್ಲ. ಬಾನೆಟ್ ಅಡಿಯಲ್ಲೋ ಕವರಿನ ಮೇಲೋ ಸ್ಟಿಕರ್ ಇದೆಯೇ ಹುಡುಕಿ. ಬೆಲ್ಟಿನ ಬೆನ್ನಿನ ಮೇಲೆ ಪಾರ್ಟ್ ನಂಬರ್ ಅಚ್ಚು ಇನ್ನೂ ನಿಚ್ಚಳವಾಗಿದ್ದರೆ ಹೊಸದಿರಬಹುದು ಎಂಬುದಷ್ಟೇ ಸುಳಿವು. ಅದನ್ನು ನಂಬಿ ಇನ್ನೊಂದು ಲಕ್ಷ ಕಿ.ಮೀ. ಓಡಿಸಲಾಗದು.

ಡ್ಯಾಶ್‌ಬೋರ್ಡ್‌ನಲ್ಲಿ ಟೈಮಿಂಗ್ ಬೆಲ್ಟ್ ಲೈಟ್ ಇದೆ. ಅದು ಹತ್ತುವವರೆಗೆ ಕಾಯಬಹುದೇ?

ಟೊಯೊಟಾದ ಕೆಲವು ಡೀಸೆಲ್ ಗಾಡಿಗಳಲ್ಲಿ ಈ ಲೈಟ್ ಇದೆ. ಅದು ಬೆಲ್ಟನ್ನು ಪರೀಕ್ಷಿಸುವುದಿಲ್ಲ, ಕಿಲೋಮೀಟರ್ ಎಣಿಸುತ್ತದೆ ಅಷ್ಟೇ. ಬೆಲ್ಟ್ ಬದಲಿಸದೆ ರೀಸೆಟ್ ಮಾಡಿದರೂ ಆರುತ್ತದೆ. ಬದಲಿಸಿ ರೀಸೆಟ್ ಮಾಡದಿದ್ದರೆ ಬೇಗ ಹತ್ತುತ್ತದೆ. ಹಳೆಯ ಗಾಡಿಯಲ್ಲಿ ಲೈಟ್ ಆರಿದೆ ಎಂಬುದಕ್ಕೆ ಬೆಲೆ ಕೊಡಬೇಡಿ.

ಬೆಲ್ಟ್ ಒಂದನ್ನೇ ಹಾಕಿಸಿದರೆ ಸಾಲದೇ?

ಸಾಲದು. ಬೆಲ್ಟ್ ಹೋಯಿತು ಎಂದು ಬರುವ ಎಷ್ಟೋ ಎಂಜಿನ್‌ಗಳಲ್ಲಿ ನಿಜಕ್ಕೂ ಹೋಗಿರುವುದು ಟೆನ್ಷನರ್ ಅಥವಾ ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿಯ ಬೇರಿಂಗ್. ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಅದರ ಮೇಲೆ ಉಜ್ಜಿ ಕರಗುತ್ತದೆ. ಆದ್ದರಿಂದ ಬೆಲ್ಟ್, ಟೆನ್ಷನರ್, ಎಲ್ಲ ಐಡ್ಲರ್‌ಗಳು ಒಟ್ಟಿಗೆ ಇರುವ ಕಿಟ್ ತೆಗೆದುಕೊಳ್ಳಿ.

ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವುದಾದರೆ ಅದನ್ನೂ ಹಾಕಿಸಿ. ಪಂಪ್ ಆಮೇಲೆ ಸೋರಿದರೆ ಅಷ್ಟೂ ಬಿಚ್ಚುವ ಕೆಲಸ ಮತ್ತೆ ಮೊದಲಿನಿಂದ, ಜೊತೆಗೆ ಕೂಲೆಂಟ್ ತಾಗಿದ ಬೆಲ್ಟೂ ದಂಡ. ಪಂಪ್ ತೆಗೆದ ಮೇಲೆ ಕಂಪನಿ ಹೇಳಿದ ಬಗೆಯ ಹೊಸ ಕೂಲೆಂಟ್ ತುಂಬಿ ಗಾಳಿ ತೆಗೆಯಬೇಕು. ಕ್ಯಾಮ್ ಮತ್ತು ಕ್ರ್ಯಾಂಕ್‌ನ ಮುಂದಿನ ಆಯಿಲ್ ಸೀಲ್‌ಗಳಲ್ಲಿ ಸ್ವಲ್ಪ ಒದ್ದೆ ಕಂಡರೂ ಈಗಲೇ ಬದಲಿಸುವುದು ಲೇಸು. ಒಮ್ಮೆ ಮಾತ್ರ ಬಳಸಬೇಕು ಎಂದಿರುವ ಬೋಲ್ಟುಗಳು, ಮುಖ್ಯವಾಗಿ ಕ್ರ್ಯಾಂಕ್ ಬೋಲ್ಟ್, ಹೊಸದೇ ಆಗಿರಲಿ.

ಮಿತ್ಸುಬಿಷಿ 4ಜಿ63ರಂಥ ಎಂಜಿನ್‌ಗಳಲ್ಲಿ ಬ್ಯಾಲೆನ್ಸ್ ಶಾಫ್ಟಿಗೆಂದು ಇನ್ನೊಂದು ಸಣ್ಣ ಬೆಲ್ಟ್ ಇರುತ್ತದೆ. ಅದು ಕಿತ್ತು ಟೈಮಿಂಗ್ ಬೆಲ್ಟಿನೊಳಗೆ ಸಿಕ್ಕಿಕೊಂಡರೆ ದೊಡ್ಡದೂ ಹೋಗುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಎಣ್ಣೆಯಲ್ಲಿ ಓಡುವ ಬೆಲ್ಟಿಗೆ ಬೇರೆ ನಿಯಮವೇ?

ಹೌದು. ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್, ಪ್ಯೂಜೊ-ಸಿಟ್ರಾನ್‌ನ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್‌ಗಳಲ್ಲಿ ಬೆಲ್ಟ್ ಎಂಜಿನ್ ಆಯಿಲ್‌ನಲ್ಲೇ ನೆನೆದು ಓಡುವಂತೆ ಮಾಡಲಾಯಿತು. ಒಣ ಬೆಲ್ಟಿಗೆ ಎಣ್ಣೆ ಶತ್ರು, ಇದರ ರಬ್ಬರ್ ಬೇರೆ. ಆದರೂ ತಪ್ಪು ದರ್ಜೆಯ ಆಯಿಲ್, ತಡವಾದ ಆಯಿಲ್ ಬದಲಾವಣೆ, ಚಿಕ್ಕಚಿಕ್ಕ ಓಡಾಟದಲ್ಲಿ ಎಣ್ಣೆಗೆ ಬೆರೆಯುವ ಪೆಟ್ರೋಲ್ ಇವುಗಳಿಂದ ಅದು ಉಬ್ಬಿ, ಮೆತ್ತಗಾಗಿ, ಚೂರುಚೂರಾಗಿ ಉದುರುತ್ತದೆ. ಆ ಚೂರುಗಳು ಸಂಪ್‌ನಲ್ಲಿರುವ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಜಾಲರಿಯನ್ನು ಮುಚ್ಚಿದರೆ ಆಯಿಲ್ ಪ್ರೆಷರ್ ಇಳಿಯುತ್ತದೆ. ಬೆಲ್ಟ್ ತುಂಡಾಗುವ ಮೊದಲೇ ಬೇರಿಂಗ್‌ಗಳೋ ಟರ್ಬೊವೋ ಹೋಗಬಹುದು. ಬ್ರೇಕಿನ ವ್ಯಾಕ್ಯೂಮ್ ಪಂಪಿಗೆ ಎಣ್ಣೆ ತಲುಪದೆ ಬ್ರೇಕ್ ಪೆಡಲ್ ಗಟ್ಟಿಯಾಗುವುದೂ ಉಂಟು.

ಇಲ್ಲಿ ಮಾತ್ರ ನೋಡಿ ಅಳೆಯುವುದಕ್ಕೆ ಅರ್ಥವಿದೆ. ಪ್ಯೂರ್‌ಟೆಕ್‌ನಲ್ಲಿ ಆಯಿಲ್ ಹಾಕುವ ಬಾಯಿಯಿಂದ ಗೇಜ್ ಇಳಿಸಿ ಬೆಲ್ಟಿನ ಅಗಲ ಉಬ್ಬಿದೆಯೇ ಎಂದು ನೋಡುತ್ತಾರೆ. ಆಯಿಲ್ ಬದಲಿಸುವಾಗಲೆಲ್ಲ ಇದನ್ನು ಮಾಡಿಸಿ, ಮ್ಯಾನುಯಲ್ ಹೇಳಿದ ದರ್ಜೆಯ ಆಯಿಲ್ ಬಿಟ್ಟು ಬೇರೆ ಹಾಕಬೇಡಿ. ಇಂಥ ಬೆಲ್ಟ್ ಬದಲಿಸುವಾಗ ಸಂಪ್ ಬಿಚ್ಚಿ ಜಾಲರಿ ತೊಳೆಯದಿದ್ದರೆ ಕೆಲಸ ಅರ್ಧವೇ ಆದಂತೆ.

ನಾನೇ ಬದಲಿಸಬಹುದೇ?

ನಿಮ್ಮ ಎಂಜಿನ್‌ನ ವರ್ಕ್‌ಶಾಪ್ ಮ್ಯಾನುಯಲ್, ಟಾರ್ಕ್ ರೆಂಚ್, ಕ್ಯಾಮ್ ಮತ್ತು ಕ್ರ್ಯಾಂಕ್ ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್‌ಗಳು ಕೈಯಲ್ಲಿದ್ದರೆ ಮಾಡಬಹುದು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಗ್ಯಾರೇಜಿಗೆ ಕೊಡಿ.

ಎಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ತೆಗೆದಿರಬೇಕು. ಅಡ್ಡಕ್ಕೆ ಕೂರಿಸಿದ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಬೆಲ್ಟ್ ಇರುವ ಕಡೆಯ ಚಕ್ರ, ಒಳಗಿನ ಶೀಲ್ಡ್, ಆ ಬದಿಯ ಎಂಜಿನ್ ಮೌಂಟಿಂಗ್ ಬಿಚ್ಚಬೇಕಾಗುತ್ತದೆ. ಮೌಂಟಿಂಗ್ ತೆಗೆಯುವ ಮುನ್ನ ಸಂಪ್ ಅಡಿಗೆ ಮರದ ತುಂಡು ಇಟ್ಟು ಜಾಕ್ ಕೊಡಿ. ಕ್ರ್ಯಾಂಕ್ ಅನ್ನು ಸ್ಪ್ಯಾನರ್‌ನಿಂದ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ, ಮೊದಲ ಸಿಲಿಂಡರ್ ಟಿಡಿಸಿಗೆ (ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಿತಿ) ಬಂದು ಗುರುತುಗಳು ಎದುರುಬದುರಾದ ಮೇಲೆ ಪಿನ್ ಹಾಕಿ. ಕ್ರ್ಯಾಂಕ್ ಬೋಲ್ಟ್ ಸಡಿಲಿಸಲು ಪಿನ್‌ಗಳನ್ನೋ ಹಳೆಯ ಬೆಲ್ಟನ್ನೋ ಆಸರೆ ಮಾಡಿಕೊಳ್ಳಬೇಡಿ, ಪುಲ್ಲಿಯನ್ನು ಬೇರೆ ಟೂಲ್‌ನಿಂದ ಹಿಡಿಯಬೇಕು. ರೆನೋ ಮತ್ತು ಫೋರ್ಡ್‌ನ ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಪುಲ್ಲಿಗೆ ಅದು ಜಾರದಂತೆ ಹಿಡಿಯುವ ಲೋಹದ ಕೀ ಇರುವುದಿಲ್ಲ, ಬೋಲ್ಟಿನ ಬಿಗಿತವೇ ಹಿಡಿದಿರುತ್ತದೆ. ಅಲ್ಲಿ ಪೇಂಟ್ ಗುರುತು ಹಾಕಿಕೊಂಡು ಮಾಡುವ ಕೆಲಸ ನಡೆಯುವುದಿಲ್ಲ. ಬೋಲ್ಟ್ ಸಡಿಲವಾದ ಕೂಡಲೇ ಟೈಮಿಂಗ್ ಹೋಗಿರುತ್ತದೆ.

ಹೊಸ ಬೆಲ್ಟನ್ನು ತಿರುಚಬೇಡಿ, ಮಡಿಸಬೇಡಿ, ಸ್ಕ್ರೂಡ್ರೈವರ್‌ನಿಂದ ಮೀಟಿ ಹತ್ತಿಸಬೇಡಿ. ಗಾಜಿನ ನಾರು ಅಲ್ಲೇ ಮುರಿದು, ಕೆಲವು ಸಾವಿರ ಕಿ.ಮೀ. ನಂತರ ಬೆಲ್ಟ್ ಅದೇ ಜಾಗದಲ್ಲಿ ನೇರವಾಗಿ ತುಂಡಾಗುತ್ತದೆ. ಬಾಣದ ಗುರುತಿದ್ದರೆ ಅದು ಓಡುವ ದಿಕ್ಕಿಗಿರಲಿ. ಕ್ರ್ಯಾಂಕ್‌ನಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿಟ್ಟುಕೊಂಡು ಸಡಿಲವೆಲ್ಲ ಟೆನ್ಷನರ್ ಕಡೆ ಉಳಿಯುವಂತೆ ಕೂರಿಸಿ. ಹೈಡ್ರಾಲಿಕ್ ಟೆನ್ಷನರ್ ಅದುಮಬೇಕಾದರೆ ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ಒತ್ತಿ. ಅವಸರ ಮಾಡಿದರೆ ಸೀಲ್ ಹೋಗುತ್ತದೆ.

ಪಿನ್ ತೆಗೆದು ಕ್ರ್ಯಾಂಕ್ ಅನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳನ್ನೂ ಟೆನ್ಷನರ್ ಮುಳ್ಳನ್ನೂ ಮತ್ತೆ ನೋಡಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ. ಅದು ಪಿಸ್ಟನ್ ವಾಲ್ವಿಗೆ ತಾಗಿರುವುದಿರಬಹುದು. ಈ ಎರಡು ಸುತ್ತು ಆಗದೆ ಕೀ ಮುಟ್ಟಬೇಡಿ.

ಚೈನ್ ಇದ್ದರೆ ಚಿಂತೆಯೇ ಇಲ್ಲವೇ?

ಗಡುವು ಇಲ್ಲ ಅಷ್ಟೇ. ಚೈನಿನ ಪಿನ್ನುಗಳು ಸವೆದು ಉದ್ದವಾಗುತ್ತದೆ, ಗೈಡ್‌ಗಳು ಒಡೆಯುತ್ತವೆ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಕೆಲವು ಸೆಕೆಂಡ್ ಗಲಗಲ ಸದ್ದು ಬರತೊಡಗಿದರೆ ತೋರಿಸಿ. ಚೈನ್ ಬಾಳುವುದು ಆಯಿಲ್ ಮೇಲೆ; ಸಮಯಕ್ಕೆ ಆಯಿಲ್ ಬದಲಿಸಿದವರ ಗಾಡಿಯಲ್ಲಿ ಅದು ಎಂಜಿನ್ ಜೊತೆಗೇ ಬಾಳಬಹುದು.

ಗಡುವು ಮೀರಿ 5,000 ಕಿ.ಮೀ. ಆಗಿದೆ, ದೂರದ ಪ್ರಯಾಣ ಇದೆ. ಬಂದ ಮೇಲೆ ಹಾಕಿಸಲೇ?

ಹೋಗುವ ಮುಂಚೆ ಹಾಕಿಸಿ. ಗಡುವು ಮೀರಿದ ಮರುದಿನವೇ ಬೆಲ್ಟ್ ಹೋಗುವುದಿಲ್ಲ, ನಿಜ. ಆದರೆ ಅದು ಹೆದ್ದಾರಿ ವೇಗದಲ್ಲಿ ಹೋದರೆ ಐಡ್ಲಿಂಗ್‌ನಲ್ಲಿ ಹೋದುದಕ್ಕಿಂತ ಹಾನಿ ಹೆಚ್ಚು, ಪವರ್ ಸ್ಟೀರಿಂಗ್ ಮತ್ತು ಬ್ರೇಕ್ ಬೂಸ್ಟರ್ ನೆರವೂ ಆಗ ಕೈಕೊಡುತ್ತದೆ. ಹೊಸ ಬೆಲ್ಟ್ ಹಾಕಿಸಿದ ಕೂಡಲೇ ದೂರ ಹೊರಡದೆ, ಒಂದೆರಡು ದಿನ ಹತ್ತಿರದಲ್ಲೇ ಓಡಿಸಿ ಕೂಲೆಂಟ್ ಮಟ್ಟ, ಸೋರಿಕೆ, ಸದ್ದು ನೋಡಿಕೊಂಡು ಹೊರಟರೆ ಒಳ್ಳೆಯದು.

ಕೆಲಸ ಮುಗಿದ ಮೇಲೆ ಗ್ಯಾರೇಜಿನಿಂದ ಏನೇನು ಪಡೆಯಬೇಕು?

ಹಳೆಯ ಬೆಲ್ಟ್ ಮತ್ತು ಪುಲ್ಲಿಗಳನ್ನು ಕೇಳಿ ಪಡೆಯಿರಿ. ಬಿಲ್‌ನಲ್ಲಿ ಕಿಟ್‌ನ ಪಾರ್ಟ್ ನಂಬರ್, ವಾಟರ್ ಪಂಪ್ ಹಾಕಿದ್ದಾರೆಯೇ ಇಲ್ಲವೇ, ತಾರೀಕು, ಮೀಟರ್ ಅಂಕಿ ನಾಲ್ಕೂ ಇರಲಿ. ಅದೇ ತಾರೀಕು ಮತ್ತು ಅಂಕಿಯನ್ನು ಸ್ಟಿಕರ್ ಮೇಲೆ ಬರೆದು ಬಾನೆಟ್ ಅಡಿಯಲ್ಲಿ ಅಂಟಿಸಿ, ಸರ್ವಿಸ್ ಬುಕ್‌ನಲ್ಲೂ ನಮೂದಿಸಿ. ಬಿಲ್ ಕಾಗದದ ಅಚ್ಚು ಮಾಸಿಹೋಗುತ್ತದೆ, ಫೋಟೊ ತೆಗೆದಿಟ್ಟುಕೊಳ್ಳಿ.